ಒಂದು ಮಾತಿನ ಕಾವಲುಗಾರ

ಬುರುಜಿನ ಮೇಲೆ ಹತ್ತಿ ನಿಂತರೆ ಮೊದಲು ಕಾಣುತ್ತಿದ್ದದ್ದು ದಾರಿ. ಕೆಂಪು ಮಣ್ಣಿನ ದಾರಿ, ಎರಡೂ ಕಡೆ ಒಣಹುಲ್ಲು, ದೂರದಲ್ಲಿ ಎಲ್ಲೋ ಒಂದು ಕಡೆ ಬಾಗಿ ಮಾಯವಾಗುತ್ತಿತ್ತು. ಅದು ನಿಜವಾಗಿ ಅಲ್ಲಿ ಇರಲಿಲ್ಲ ಎಂಬುದು ಸಣ್ಣ ವಿಷಯ. ಇದ್ದದ್ದು ಘಾಟ್ಕೋಪರಿನ ನಮ್ಮ ಶಾಲೆಯ ಹಾಲ್, ಅದರಲ್ಲಿ ಒಂದರ ಮೇಲೊಂದು ಪೇರಿಸಿಟ್ಟ ಪ್ಲಾಸ್ಟಿಕ್ ಕುರ್ಚಿಗಳು, ಹಿಂದಿನ ಗೋಡೆಯಲ್ಲಿ ತುಂಬಾ ಎತ್ತರಕ್ಕೆ ಒಂದು ಉದ್ದನೆಯ ಕಿಟಕಿ. ಬುರುಜೂ ಬುರುಜಲ್ಲ. ಎರಡು ಬೆಂಚು, ಅವುಗಳ ಮೇಲೆ ಸ್ಟಾಫ್ ರೂಮಿನ ಒಂದು ಮೇಜು, ಮುಂದೆ ಕಲ್ಲಿನ ಹಾಗೆ ಕಾಣಲಿ ಎಂದು ಬೂದು ಬಣ್ಣ ಬಳಿದ ಥರ್ಮಾಕೋಲ್. ನನ್ನ ಕೈಯ ಈಟಿ ಬೆಳಗ್ಗೆ ಹೊತ್ತು ನೆಲ ಒರೆಸುತ್ತಿತ್ತು.

ಆದರೆ ಮಧ್ಯಾಹ್ನ ಮೂರೂವರೆಯ ಬಿಸಿಲು ಆ ಕಿಟಕಿಯಿಂದ ಓರೆಯಾಗಿ ಒಳಗೆ ಇಳಿದು, ಅದರಲ್ಲಿ ಧೂಳು ನಿಧಾನವಾಗಿ ಏಳುತ್ತ ಬೀಳುತ್ತ ಇದ್ದರೆ, ದಾರಿ ತಾನಾಗಿ ಬಂದು ಬಿಚ್ಚಿಕೊಳ್ಳುತ್ತಿತ್ತು. ಕಿಟಕಿಯಾಚೆ ಮೆಟ್ರೋ ಹಾದುಹೋಗುವಾಗ ಹಾಲಿನ ಬೆಳಕು ಒಮ್ಮೆ ಕಣ್ಣು ಮಿಟುಕಿಸಿದ ಹಾಗಾಗುತ್ತಿತ್ತು. ಕೆಳಗೆ ಲೋಕಲ್ ರೈಲು ಹೋದರೆ ಮೇಜು ಸಣ್ಣಗೆ ನಡುಗುತ್ತಿತ್ತು. ನನಗೆ ಅದು ಕುದುರೆಗಳ ಕಾಲಿನ ಸಪ್ಪಳ. ಒಂಬತ್ತನೇ ಕ್ಲಾಸಿನ ಆ ಎರಡು ತಿಂಗಳು ನಾನು ದಿನವೂ ಮುಕ್ಕಾಲು ಗಂಟೆ ಅಲ್ಲಾಡದೆ ನಿಂತು ಆ ದಾರಿಯನ್ನು ನೋಡಿದ್ದೇನೆ. ಮುಂಬಯಿಯಲ್ಲಿ ಇಷ್ಟು ಹೊತ್ತು ಅಲ್ಲಾಡದೆ ನಿಂತವರು ನನ್ನ ಬಿಟ್ಟರೆ ಲೋಕಲ್‌ನ ಬಾಗಿಲಲ್ಲಿ ಸಿಕ್ಕಿಕೊಂಡವರು ಮಾತ್ರ.

ಇದೆಲ್ಲ ನಮ್ಮ ಗ್ಯಾದರಿಂಗ್‌ಗೋಸ್ಕರ. ಶಾಲೆಯ ವಾರ್ಷಿಕೋತ್ಸವಕ್ಕೆ ನಮ್ಮ ಕಡೆ ಹಾಗೇ ಹೇಳುವುದು. ನಾಟಕವನ್ನು ಕನ್ನಡ ಟೀಚರೇ ಬರೆದಿದ್ದರು. ಒಬ್ಬ ರಾಣಿ. ಅವಳ ಮಗ ಹನ್ನೆರಡು ವರ್ಷದ ಹಿಂದೆ ಕಾಡಿನಲ್ಲಿ ಕಳೆದುಹೋಗಿದ್ದಾನೆ. ರಾಣಿ ದಿನವೂ ಕಾಯುತ್ತಾಳೆ, ಕಾಯುತ್ತ ತುಂಬಾ ಮಾತಾಡುತ್ತಾಳೆ. ಕೊನೆಗೆ ರಾಜಕುಮಾರ ಬರುತ್ತಾನೆ, ತಾಯಿ ಮಗ ತಬ್ಬಿಕೊಳ್ಳುತ್ತಾರೆ, ಹಾಡು, ಪರದೆ.

ರಾಜಕುಮಾರನ ಪಾತ್ರಕ್ಕೆ ನಾನೇ ಹುಟ್ಟಿದ್ದು ಎಂದು ನನಗೆ ಖಾತ್ರಿಯಿತ್ತು. ಟೀಚರ್ ಓದಲು ಕೊಟ್ಟ ನಾಲ್ಕು ಸಾಲನ್ನು ನಾನು ಹತ್ತು ಸಾಲಿನಷ್ಟು ಓದಿದೆ, ನಡುವೆ ಒಂದು ಸಲ ಸತ್ತು ಎದ್ದೆ ಕೂಡ. ಟೀಚರ್ ಕನ್ನಡಕ ತೆಗೆದು ಒರೆಸಿದರು.

"ಚೆನ್ನಾಗಿದೆ. ಆದರೆ ನೀನು ಉಡುಪಿಯಲ್ಲಿ ವಾಕ್ಯ ಶುರು ಮಾಡಿ ಧಾರವಾಡದಲ್ಲಿ ಮುಗಿಸ್ತೀಯ. ನಡುವೆ ಹಿಂದಿ ಸ್ಟೇಷನ್ ಬೇರೆ."

ಅದು ನನ್ನ ತಪ್ಪಲ್ಲ. ಅಪ್ಪ ಉಡುಪಿ ಕಡೆಯವ, ಅಮ್ಮ ಧಾರವಾಡದವಳು. ಮುಲುಂಡಿನ ನಮ್ಮ ಮನೆಯಲ್ಲಿ ಹಾಲ್‌ನಲ್ಲಿ ಒಂದು ಕನ್ನಡ, ಅಡುಗೆಮನೆಯಲ್ಲಿ ಇನ್ನೊಂದು. ನೀರು ಕುಡಿಯಲು ಎದ್ದು ಹೋಗುವಷ್ಟರಲ್ಲಿ ನಾನು ಇಡೀ ಕರ್ನಾಟಕ ದಾಟಿರುತ್ತೇನೆ.

ಟೀಚರ್ ಕನ್ನಡಕ ಮತ್ತೆ ಹಾಕಿಕೊಂಡರು. "ಕಾವಲುಗಾರ ಮಾಡು. ಒಂದೇ ಮಾತಿದೆ. ಒಂದು ಮಾತಲ್ಲಿ ಊರು ಗೊತ್ತಾಗೋದಿಲ್ಲ."

ಹೀಗೆ ರಾಜಕುಮಾರನ ಕಿರೀಟ ವಿಜಯಪುರದ ಬಟ್ಟೆ ವ್ಯಾಪಾರಿಯ ಮಗನಿಗೆ ಹೋಯಿತು. ಅವನು ನನಗಿಂತ ಒಂದು ತಲೆ ಎತ್ತರ, ಮೀಸೆಯ ಜಾಗದಲ್ಲಿ ಆಗಲೇ ನೆರಳು ಬಿದ್ದಿತ್ತು, ಕನ್ನಡ ಶುರುವಿನಿಂದ ಕೊನೆಯವರೆಗೂ ಒಂದೇ ಊರಿನದು.

ಆ ಸಂಗತಿಯನ್ನು ನಾನು ಮನೆಯಲ್ಲಿ ಹೇಳಿದ ರೀತಿಯಲ್ಲೇ ತೊಂದರೆ ಶುರುವಾದದ್ದು.

ಅಪ್ಪ ಸಾಂತಾಕ್ರೂಜಿನ ಒಂದು ಹೋಟೆಲಿನ ಕೌಂಟರಿನಲ್ಲಿ ಕೂರುತ್ತಾನೆ. ಅವನಿಗೆ ಮಂಗಳವಾರ ರಜೆ. ಶಾಲೆಯ ಯಾವ ಕಾರ್ಯಕ್ರಮವೂ ಮಂಗಳವಾರ ಆಗುವುದಿಲ್ಲ. ಹಾಗಾಗಿ ಒಂದನೇ ಕ್ಲಾಸಿನಲ್ಲಿ ನಾನು ಬದನೆಕಾಯಿ ಆದದ್ದನ್ನೂ, ನಾಲ್ಕರಲ್ಲಿ ಸ್ಟೇಜಿನಿಂದ ಬಿದ್ದದ್ದನ್ನೂ ಅವನು ನೋಡಿಲ್ಲ. ಆ ಮಂಗಳವಾರ ಬೆಳಗ್ಗೆ ಅವನು ಬನಿಯನ್ ಹಾಕಿಕೊಂಡು ಕಿಟಕಿಯ ಬಳಿ ಚಹಾ ಕುಡಿಯುತ್ತಿದ್ದ. ಬಿಸಿಲು ಅವನ ಲೋಟದಲ್ಲಿ ಕೂತಿತ್ತು. ಎಲ್ಲವೂ ನಿಧಾನವಾಗಿತ್ತು, ಸುಳ್ಳು ಹೇಳದೆಯೂ ಸುಳ್ಳಾಗುವಂಥ ಬೆಳಗು.

"ನಾಟಕದಲ್ಲಿ ಉಂಟಂತೆ ನೀನು? ಎಂತ ಪಾರ್ಟು?"

"ಪರದೆ ತೆಗೆದಾಗಿನಿಂದ ಕೊನೇವರೆಗೂ ನಾನು ಸ್ಟೇಜ್ ಮೇಲೇ ಇರ್ತೇನೆ," ಎಂದೆ. ನಿಜ.

"ಹೌದಾ! ಇಡೀ ನಾಟಕ?"

"ಒಂದು ನಿಮಿಷ ಕೂಡ ಒಳಗೆ ಹೋಗೋದಿಲ್ಲ. ರಾಣಿ ಪೂರ್ತಿ ನಾಟಕ ನನ್ನ ಬಾಯಿ ನೋಡ್ಕೊಂಡೇ ಇರ್ತಾಳೆ. ನಾನು ಬಾಯಿ ಬಿಡೋವರೆಗೂ ಕಥೆ ಮುಂದೆ ಹೋಗೋದಿಲ್ಲ." ಇದೂ ನಿಜ. ಒಂದೊಂದು ಅಕ್ಷರವೂ ನಿಜ.

ಅಪ್ಪ ಲೋಟ ಕೆಳಗಿಟ್ಟ. "ಹಾಗಾದ್ರೆ ನೀನೇ ಹೀರೋ ಅಲ್ವಾ ಮಾರಾಯ!"

ನಾನು ನಕ್ಕೆ. ಅಷ್ಟೇ ಮಾಡಿದ್ದು.

ಮರುದಿನ ಅಪ್ಪ ಹೋಟೆಲಿನಲ್ಲಿ ಎಲ್ಲರಿಗೂ ಹೇಳಿದ. ಸಾಂಬಾರಿನ ಭಟ್ಟರಿಗೆ ಹೇಳಿದ, ಟೇಬಲ್ ಒರೆಸುವವರಿಗೆ ಹೇಳಿದ, ದಿನಾ ಬಂದು ಒಂದು ಇಡ್ಲಿ ತಿನ್ನುವ ಅಜ್ಜನಿಗೂ ಹೇಳಿದ. ಗ್ಯಾದರಿಂಗ್ ಇದ್ದದ್ದು ಶನಿವಾರ ಸಂಜೆ ಐದಕ್ಕೆ. ಶನಿವಾರ ಸಂಜೆ ಹೋಟೆಲಿನವರು ರಜೆ ಕೇಳುವುದೆಂದರೆ ದೀಪಾವಳಿ ದಿನ ಪಟಾಕಿ ಅಂಗಡಿಯವ ಬಾಗಿಲು ಹಾಕಿದ ಹಾಗೆ. ಅಪ್ಪ ಕೇಳಿದ. ಮಾಲೀಕರು ಕೊಟ್ಟರು. ಅಮ್ಮ ಕಪಾಟಿನಿಂದ ಅವನ ಬಿಳಿ ಶರ್ಟು ತೆಗೆದು ಇಸ್ತ್ರಿಗೆ ಕೊಟ್ಟಳು.

ಅಮ್ಮನಿಗೆ ಮಾತ್ರ ಸತ್ಯ ಗೊತ್ತಿತ್ತು. ಟೀಚರ್ ಪಾತ್ರಗಳ ಪಟ್ಟಿಯನ್ನು ಪೋಷಕರ ವಾಟ್ಸಾಪ್ ಗ್ರೂಪಿಗೆ ಹಾಕಿದ್ದರು. ನನ್ನದು ಕೊನೆಯ ಹೆಸರು, 'ಮರ-1' ಮತ್ತು 'ಮರ-2' ಇವುಗಳಿಗಿಂತಲೂ ಕೆಳಗೆ. ಅಮ್ಮ ಅದನ್ನು ನನ್ನ ಮುಖದ ಮುಂದೆ ಹಿಡಿದಳು.

"ನೀನಽ ಹೇಳ್ತಿಯೋ, ನಾ ಹೇಳ್ಲೋ?"

"ನಾನೇ ಹೇಳ್ತೀನಿ."

"ಯಾವಾಗ?"

"ನಾಟಕಕ್ಕಿಂತ ಮೊದಲು."

"ಅಂವಾ ಹೋಟೆಲ್‌ನ್ಯಾಗ ಊರಿಗೆಲ್ಲಾ ಡಂಗುರಾ ಹೊಡದಾನ. ಅಂವನ ಮಾರಿ ನೋಡಿ ಹೇಳು, ಆಮ್ಯಾಲ ನಿನಗ ಗೊತ್ತಾಗ್ತದ."

ನಾನು ಮಾರಿ ನೋಡಿದೆ. ಅದಕ್ಕೇ ಹೇಳಲಾಗಲಿಲ್ಲ. ಪ್ರತಿದಿನ ನಾಳೆ ಹೇಳುತ್ತೇನೆ ಎಂದುಕೊಂಡು ಬುರುಜು ಹತ್ತುತ್ತಿದ್ದೆ, ಹತ್ತಿದ ಮೇಲೆ ಕೆಳಗಿನ ಲೋಕದ ಚಿಂತೆಗಳು ಅಷ್ಟು ಎತ್ತರಕ್ಕೆ ಕೇಳಿಸುತ್ತಿರಲಿಲ್ಲ. ಬಿಸಿಲಿನ ಪಟ್ಟಿ ಕುರ್ಚಿಯಿಂದ ಕುರ್ಚಿಗೆ ದಾಟಿಕೊಂಡು ಬರುತ್ತಿತ್ತು. ಕೆಳಗೆ ರಾಣಿ ಫೋನಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡ ಕನ್ನಡವನ್ನು ಓದಿ ಓದಿ ಅಳುತ್ತಿದ್ದಳು. ಅವಳು ಮಂಗಳೂರು ಕಡೆಯವರ ಮಗಳು, ಮನೆಯಲ್ಲಿ ತುಳು, ಹೊರಗೆ ಹಿಂದಿ, ಸ್ಟೇಜಿನ ಮೇಲೆ ಮಾತ್ರ ಕನ್ನಡ. ಅವಳ ದನಿ ದೂರದಿಂದ ತೇಲಿ ಬರುವಾಗ ನನಗೆ ನಿಜವಾಗಿ ಹನ್ನೆರಡು ವರ್ಷ ಕಳೆದ ಹಾಗೆ ಅನ್ನಿಸುತ್ತಿತ್ತು. ಒಂದೆರಡು ಸಲ ನಿಂತಲ್ಲೇ ನಿದ್ದೆ ಹೋಗಿದ್ದೇನೆ, ಕಣ್ಣು ತೆರೆದುಕೊಂಡೇ. ಆಗಲೂ ದಾರಿ ಕಾಣುತ್ತಿತ್ತು.

ಇನ್ನು ನನ್ನ ಆ ಒಂದು ಮಾತಿನ ವಿಷಯ. ಟೀಚರ್ ಬರೆದದ್ದು ಹೀಗೆ: 'ರಾಜಕುಮಾರರು ಬಂದರು!' ಮರ್ಯಾದೆಯ ಮಾತು, ಆಸ್ಥಾನಕ್ಕೆ ತಕ್ಕದ್ದು. ಮೊದಲ ದಿನ ನಾನು ಎದೆ ತುಂಬ ಉಸಿರು ಎಳೆದು, ಈಟಿ ಎತ್ತಿ, ಘಾಟ್ಕೋಪರ್ ಸ್ಟೇಷನ್ನಿಗೆ ಕೇಳುವಂತೆ ಕೂಗಿದೆ. ಮರ-1 ಬಿದ್ದು ಬಿದ್ದು ನಕ್ಕಿತು.

"ಟೀಚರ್, ಇಸ್‌ನೇ ರಾಜಕುಮಾರ್ ಕೋ ಬಂದರ್ ಬೋಲಾ!"

ಬಂದರು. ಬಂದರ್. ಕೋತಿ. ಹಿಂದಿ ಕಿವಿಗಳಿಗೆ ಅದು ಹಾಗೆಯೇ ಕೇಳಿಸುವುದು. ನಮ್ಮದೆಲ್ಲ ಹಿಂದಿ ಕಿವಿಗಳೇ. ಒಂದು ವಾರದೊಳಗೆ ಇಡೀ ಶಾಲೆಗೆ ಸುದ್ದಿ ಹಬ್ಬಿತು. ರಾಜಕುಮಾರ ಕಾರಿಡಾರಿನಲ್ಲಿ ನಡೆದರೆ ಐದನೇ ಕ್ಲಾಸಿನವರೂ ಬಗಲು ಕೆರೆದುಕೊಂಡು ತೋರಿಸುತ್ತಿದ್ದರು. ಕೊನೆಗೆ ಅವನು ಕಿರೀಟ ತೆಗೆದು ಟೀಚರ್ ಮುಂದೆ ಇಟ್ಟ.

"ನಾ ಒಲ್ಲೆ ನೋಡ್ರಿ ಟೀಚರ್. ಇಂವಾ ಬಾಯಿ ತಗದ್ರ ಎಲ್ಲಾರೂ ನನಗ ಬಂದರ್ ಅಂತಾರ. ನಿನ್ನೆ ಕ್ಯಾಂಟೀನ್‌ನ್ಯಾಗ ಬಾಳೆಹಣ್ಣು ಕೊಟ್ರು."

"ತಿಂದೆಯಾ?" ಎಂದು ನಾನು ಮೇಲಿಂದ ಕೇಳಿದೆ.

"ನೀ ಕೆಳಗ ಬಾ, ಹೇಳ್ತೀನಿ!"

"ನಾನು ನಿನಗೆ ಮರ್ಯಾದೆ ಕೊಟ್ಟೆ ಮಾರಾಯ. ಮರ್ಯಾದೆ ಕೊಟ್ಟಾಗ ನೀನು ಬಂದರ್ ಆದ್ರೆ ಅದು ವ್ಯಾಕರಣದ ತಪ್ಪು, ನಂದಲ್ಲ."

ಟೀಚರ್ ಕಣ್ಣು ಮುಚ್ಚಿ ಯೋಚಿಸಿದರು. ಫ್ಯಾನು ಕಿರಗುಟ್ಟುತ್ತಿತ್ತು. "ಸರಿ. ಏಕವಚನ ಮಾಡೋಣ. 'ಬಂದ! ರಾಜಕುಮಾರ ಬಂದ!'"

"ಏಕವಚನಾ?" ರಾಜಕುಮಾರನ ಕುತ್ತಿಗೆಯ ನರ ಉಬ್ಬಿತು. "ನಾ ರಾಜನ ಮಗಾ ಇದ್ದೀನ್ರೀ! ವಾಚ್‌ಮನ್ ನನಗ ಬಂದ ಅಂತಾನ?"

"ಅವನು ನಿನ್ನನ್ನ ಹೆಗಲ ಮೇಲೆ ಹೊತ್ತು ಆಡಿಸಿದ ಮುದುಕ ಕಣೋ. ಅವನಿಗೆ ನೀನು ಯಾವತ್ತೂ ಮಗುವೇ."

ಹೀಗೆ, ವ್ಯಾಕರಣದ ಒಂದೇ ಏಟಿಗೆ ನನಗೆ ಅರವತ್ತು ವರ್ಷ ಹೆಚ್ಚು ವಯಸ್ಸಾಯಿತು. ಹೊಟ್ಟೆಯವರೆಗೆ ಬಿಳಿ ಗಡ್ಡ ಬಂತು. ನನಗೇನೂ ಬೇಸರವಾಗಲಿಲ್ಲ. ಇಡೀ ರಾಜ್ಯದಲ್ಲಿ ರಾಜಕುಮಾರನನ್ನು ಏಕವಚನದಲ್ಲಿ ಕರೆಯುವ ಹಕ್ಕಿದ್ದದ್ದು ರಾಣಿಗೆ ಮತ್ತು ನನಗೆ ಮಾತ್ರ. ಇದನ್ನು ರಾಜಕುಮಾರನಿಗೆ ನಾನು ದಿನಕ್ಕೆ ಎರಡು ಸಲ ನೆನಪಿಸುತ್ತಿದ್ದೆ.

ಶನಿವಾರ ಬಂತು. ಹಾಲಿನ ದೊಡ್ಡ ಮಖಮಲ್ ಪರದೆಯನ್ನು ಒಗೆಯಲು ಕೊಟ್ಟಿದ್ದರು, ಅದು ಅಂದು ಬೆಳಗ್ಗೆ ವಾಪಸ್ ಬಂದು ನೇತಾಡಿತು. ಆ ಎರಡು ತಿಂಗಳಲ್ಲಿ ನಾವು ಒಮ್ಮೆಯೂ ಪರದೆಯ ಜೊತೆ ತಾಲೀಮು ಮಾಡಿರಲಿಲ್ಲ. ಹಾಕಿದ ಮೇಲೆ ಗೊತ್ತಾಯಿತು, ನನ್ನ ಬುರುಜು ಪರದೆಗಿಂತ ಮುಂದಕ್ಕೆ ಉಳಿದುಬಿಟ್ಟಿದೆ. ಸರಿಸಲು ಹೋದರೆ ಥರ್ಮಾಕೋಲ್ ಮುರಿಯುತ್ತದೆ.

"ಇರಲಿ ಬಿಡಿ," ಎಂದರು ಟೀಚರ್. "ಕಾವಲುಗಾರ ಕೋಟೆಯ ಹೊರಗೆ ಇದ್ದರೇ ಚೆಂದ."

ಪರದೆ ಎಳೆಯುವವರು ನಮ್ಮ ಶಾಲೆಯ ಪ್ಯೂನ್ ಮಾಮಾ. ಸಾತಾರಾ ಕಡೆಯ ಮರಾಠಿಯವರು, ದೊಡ್ಡ ಮೀಸೆ, ಕನ್ನಡದ ಗಂಧ ಗಾಳಿ ಇಲ್ಲ. ಹಗ್ಗ ಇದ್ದದ್ದು ಬುರುಜಿನ ಪಕ್ಕದಲ್ಲೇ, ಟೀಚರ್ ನಿಲ್ಲಬೇಕಾದದ್ದು ಸ್ಟೇಜಿನ ಆ ಕಡೆಯ ಮೂಲೆಯಲ್ಲಿ. ಕೈಸನ್ನೆ ಕಾಣುವುದಿಲ್ಲ. 'ಬಂದ್' ಎಂದು ಕೇಳಿಸಿದ ಕೂಡಲೇ ಪರದೆ ಎಳೆಯಬೇಕು ಎಂದು ಟೀಚರ್ ಬಂದು ಮಾಮಾನಿಗೆ ಬಿಡಿಸಿ ಹೇಳಿದರು: "ಮಾಮಾ, ಜಬ್ 'ಬಂದ್' ಸುನಾಈ ದೇ, ತಬ್ ಖೀಂಚ್‌ನಾ. ಜೋರ್ ಸೇ."

"ಹೋ ಬಾಯೀ, ಬಂದ್ ಮ್ಹಣಜೇ ಬಂದ್," ಎಂದು ಮಾಮಾ ಹಗ್ಗವನ್ನು ಕೈಗೆ ಸುತ್ತಿಕೊಂಡರು.

ಇದನ್ನು ನಾನು ಕೇಳಿಸಿಕೊಂಡೆ. ಗಡ್ಡದ ಗೋಂದು ಒಣಗಲಿ ಎಂದು ಅಲ್ಲೇ ಗಾಳಿ ಹಾಕಿಕೊಳ್ಳುತ್ತಿದ್ದೆ. ಆ ದಿನ ನನ್ನ ತಲೆಯಲ್ಲಿ ಬೇರೆ ಏನಾದರೂ ಇದ್ದಿದ್ದರೆ ಹೊಳೆಯುತ್ತಿತ್ತೇನೋ. ಇದ್ದದ್ದು ಅಪ್ಪ ಒಬ್ಬನೇ. ಅಮ್ಮ ಎರಡನೇ ಸಾಲಿನಲ್ಲಿ ಕೂತು ಪಕ್ಕದ ಕುರ್ಚಿಗೆ ಪರ್ಸು ಇಟ್ಟಿದ್ದಳು. ನಾನು ಪರದೆಯ ಸಂದಿಯಿಂದ ಇಣುಕಿದಾಗ ಅವಳು ಫೋನ್ ತೋರಿಸಿ ತುಟಿ ಅಲ್ಲಾಡಿಸಿದಳು: ಅಂಧೇರ್ಯಾಗ ಮೆಟ್ರೋ ಹತ್ಯಾನ. ಆಮೇಲೆ ಒಂದು ಪ್ರಶ್ನೆ, ಹುಬ್ಬಿನಲ್ಲೇ: ಹೇಳಿದಿಯೋ? ನಾನು ಒಳಗೆ ಸರಿದೆ.

ನಾಟಕ ಶುರುವಾಯಿತು. ಸ್ಟೇಜಿನ ದೀಪಗಳು ಮುಖಕ್ಕೆ ಬಿದ್ದ ಕೂಡಲೇ ಜನ ಮಾಯವಾದರು. ಕಿಟಕಿಗೆ ಕಪ್ಪು ಕಾಗದ ಅಂಟಿಸಿದ್ದರು, ಹಾಗಾಗಿ ಹಾಲ್ ಒಂದು ದೊಡ್ಡ ಕತ್ತಲು, ಅದರೊಳಗೆ ಉಸಿರಾಟ, ಯಾವುದೋ ಮಗುವಿನ ಬಿಸ್ಕತ್ತಿನ ಪೊಟ್ಟಣದ ಸದ್ದು. ರಾಣಿ ಅಳಲು ಶುರು ಮಾಡಿದಳು. ಫೋನ್ ಇಲ್ಲದೆಯೂ ಅಳುತ್ತಿದ್ದಳು, ಒಂದು ಮಾತೂ ತಪ್ಪಲಿಲ್ಲ. ನಾನು ಈಟಿ ಹಿಡಿದು ದೂರ ನೋಡುತ್ತ ನಿಂತೆ. ದಾರಿ ಇರಲಿಲ್ಲ. ಹಾಲಿನ ಹಿಂದಿನ ಬಾಗಿಲು ಮಾತ್ರ, ಅದರ ಅಂಚಿನಲ್ಲಿ ಹೊರಗಿನ ಬೆಳಕಿನ ಸಣ್ಣ ಗೆರೆ.

ಅಪ್ಪ ಬರಬಾರದು ಎಂದು ಬೇಡಿಕೊಂಡೆ. ಮೆಟ್ರೋ ಕೆಟ್ಟು ನಿಲ್ಲಲಿ, ಸಾಕಿನಾಕಾದಲ್ಲಿ ಅರ್ಧ ಗಂಟೆ ನಿಲ್ಲಲಿ, ಭಟ್ಟರು ಫೋನ್ ಮಾಡಿ ವಾಪಸ್ ಕರೆಯಲಿ. ಹೀಗೆ ಬೇಡುತ್ತ ಆ ಬಾಗಿಲನ್ನು ಬಿಟ್ಟು ಬೇರೆಲ್ಲೂ ನೋಡಲಿಲ್ಲ. ಬದನೆಕಾಯಿ ಆಗಿದ್ದಾಗಲೂ ನಾನು ಹೀಗೆಯೇ ಬಾಗಿಲು ನೋಡುತ್ತಿದ್ದೆ ಎಂದು ಅಮ್ಮ ಹೇಳುತ್ತಾಳೆ. ರಾಣಿಯ ದನಿ ದೂರವಾಯಿತು, ದೀಪದ ಬಿಸಿಗೆ ಗಡ್ಡದೊಳಗೆ ಬೆವರು ಇಳಿಯಿತು, ಕಣ್ಣು ಮಂಜಾಯಿತು. ಎಷ್ಟು ಹೊತ್ತು ಹಾಗೆ ಇದ್ದೆನೋ. ಹನ್ನೆರಡು ವರ್ಷ ಎಂದೇ ಇಟ್ಟುಕೊಳ್ಳಿ.

ಆಮೇಲೆ ಬಾಗಿಲು ತೆರೆಯಿತು. ಸಂಜೆಯ ಬಿಸಿಲು ಒಮ್ಮೆಲೇ ಒಳಗೆ ಬಿದ್ದು ಕುರ್ಚಿಗಳ ನಡುವಿನ ಜಾಗದಲ್ಲಿ ಉದ್ದಕ್ಕೆ, ಕೆಂಪಗೆ, ನೇರವಾಗಿ ನನ್ನ ಬುರುಜಿನವರೆಗೂ ಹಾಸಿಕೊಂಡಿತು. ದಾರಿ. ಅದರ ಆ ತುದಿಯಲ್ಲಿ ಬಿಳಿ ಶರ್ಟಿನ ಒಬ್ಬ ಮನುಷ್ಯ, ಧೂಳಿನ ನಡುವೆ, ಸ್ವಲ್ಪ ಏದುಸಿರು ಬಿಡುತ್ತ, ಈ ಕಡೆಗೇ ನಡೆದು ಬರುತ್ತಿದ್ದ.

ಎರಡು ತಿಂಗಳು ಆ ದಾರಿಯಲ್ಲಿ ಯಾರಾದರೂ ಬರಲಿ ಎಂದು ಕಾದವನು ನಾನು. ನಮ್ಮ ಮನೆಯಲ್ಲಿ ಅಪ್ಪನಿಗೂ ಏಕವಚನವೇ, ಅಮ್ಮನ ಕಡೆಯ ರೂಢಿ. ಮಾತು ತಾನಾಗಿ ಹೊರಗೆ ಬಂತು.

"ಬಂದ!"

ಪಕ್ಕದಲ್ಲಿ ಹಗ್ಗ ಸುಯ್ಯೆಂದಿತು. ಮಖಮಲ್ ಪರದೆ ಎರಡೂ ಕಡೆಯಿಂದ ಓಡಿ ಬಂದು ರಾಣಿಯನ್ನು, 'ಅಯ್ಯೋ ವಿಧಿಯೇ' ಎಂಬಲ್ಲಿ 'ಅಯ್ಯೋ' ಮುಗಿದು 'ವಿಧಿ' ಶುರುವಾಗುವ ಮೊದಲೇ, ನುಂಗಿಹಾಕಿತು. ಜನ ಚಪ್ಪಾಳೆ ತಟ್ಟಿದರು. ಹೊರಗೆ ಉಳಿದವನು ನಾನೊಬ್ಬ, ದೀಪವೆಲ್ಲ ನನ್ನ ಮೇಲೆ.

ಅಪ್ಪ ಅಮ್ಮನ ಪಕ್ಕ ಬಂದು ಕೂತ. ನನ್ನ ಕಡೆ ನೋಡಿದ. ಗಡ್ಡದ ಮುದುಕನೊಬ್ಬನನ್ನು ನೋಡುವ ಹಾಗೆ ನೋಡಿದ, ಕೌಂಟರಿನಲ್ಲಿ ಹೊಸ ಗಿರಾಕಿಯನ್ನು ನೋಡುವ ಹಾಗೆ. ಅಷ್ಟು ಹತ್ತಿರದಿಂದ ಅಪ್ಪ ನನ್ನನ್ನು ಗುರುತಿಸದೆ ಇದ್ದದ್ದು ಅದೇ ಮೊದಲು. ಕನಸಿನಲ್ಲಿ ಮಾತ್ರ ಹಾಗಾಗುತ್ತದೆ. ನಾನು ಅಲ್ಲಾಡಲಿಲ್ಲ.

"ಮುಗೀತಾ?" ಎಂದು ಅವನು ಅಮ್ಮನನ್ನು ಕೇಳಿದ್ದು ಸ್ಟೇಜಿಗೇ ಕೇಳಿಸಿತು.

"ಸುಮ್ನ ಕೂಡ್ರು."

ಪರದೆಯ ಹಿಂದೆ ಟೀಚರ್ ಓಡಿ ಬಂದ ಸಪ್ಪಳ. "ಮಾಮಾ! ಅಭೀ ನಹೀ! ಬಾದ್ ಮೇ!"

"ಬಂದ್ ಬೋಲಾ ನಾ?"

"ಮೈನೇ ನಹೀ ಬೋಲಾ! ಖೋಲೋ, ಖೋಲೋ!" ಆಮೇಲೆ ಪರದೆಯ ಬಟ್ಟೆಗೆ ಬಾಯಿಟ್ಟು ನನಗೆ: "ಡ್ರಮ್ ಬಾರಿಸೋ ಮೊದಲು ಬಾಯಿ ಬಿಟ್ಟೆ ಅಂದ್ರೆ ನಿನ್ನ ಗಡ್ಡ ಕಿತ್ತು ಹಾಕ್ತೀನಿ!"

ಟೀಚರಿಗೆ ಗೊತ್ತಾದದ್ದು ನಾನು ಮೊದಲೇ ಕೂಗಿದೆ ಎಂದು. ಮಾಮಾನಿಗೆ ಗೊತ್ತಾದದ್ದು 'ಬಂದ್' ಈಗಲ್ಲ, ಮುಂದಿನ ಸಲ ಎಂದು. ನನಗೆ ಏನೂ ಗೊತ್ತಾಗಲಿಲ್ಲ. ಪರದೆ ತೆರೆಯಿತು, ರಾಣಿ 'ಅಯ್ಯೋ'ದಿಂದ ಮತ್ತೆ ಶುರು ಮಾಡಿ ಇನ್ನಷ್ಟು ಚೆನ್ನಾಗಿ ಅತ್ತಳು, ಈ ಸಲ ಬಹುಶಃ ನಿಜವಾಗಿ.

ಡ್ರಮ್ ಮೊಳಗಿತು. ನಾನು ಈಟಿ ಎತ್ತಿದೆ. "ಬಂದ! ರಾಜಕುಮಾರ ಬಂದ!"

ಎರಡು ಸಲ ಬಂದ. ಮಾಮಾ ಜೀವಮಾನದ ಶಕ್ತಿಯನ್ನೆಲ್ಲ ಹಾಕಿ ಎಳೆದರು. ರಾಜಕುಮಾರ ಮುಂದಿನ ಮೂಲೆಯಿಂದ ಓಡಿ ಬಂದವನು ಪರದೆಯ ಈ ಕಡೆಯೇ ಉಳಿದ, ರಾಣಿ ಆ ಕಡೆ. ಹನ್ನೆರಡು ವರ್ಷದ ನಂತರ ತಾಯಿ ಮಗನ ನಡುವೆ ಹೊಸದಾಗಿ ಒಗೆದ ಮಖಮಲ್.

ರಾಣಿ ಜಾಣೆ. ಅವಳ ಮುಂದಿನ ಮಾತು ಇದ್ದದ್ದೇ ಹಾಗೆ, ಒಳಗಿನಿಂದಲೇ ಹೇಳಿದಳು: "ಮಗನೇ! ಎಲ್ಲಿದ್ದೀಯೋ, ನನ್ನ ಕಣ್ಣಿಗೆ ಕಾಣಿಸೋ!"

ಜನ ನಗಲು ಶುರು ಮಾಡಿದರು. ರಾಜಕುಮಾರ ಪರದೆಯ ಸಂದಿ ಹುಡುಕುತ್ತ ತಡವರಿಸಿದ.

ಆಗ ನಾನು ಅಪ್ಪನನ್ನು ನೋಡಿದೆ. ಅವನು ಫೋನ್ ಎತ್ತಿ ಹಿಡಿದು ವಿಡಿಯೋ ಮಾಡುತ್ತಿದ್ದ. ರಾಜಕುಮಾರನದು. ಕಿರೀಟದ, ಒಂದು ತಲೆ ಎತ್ತರದ ರಾಜಕುಮಾರನನ್ನು ಅವನು ನಗುತ್ತ, ಕತ್ತು ಉದ್ದ ಮಾಡಿ, ಕೈ ಅಲ್ಲಾಡದ ಹಾಗೆ ಇನ್ನೊಂದು ಕೈಯಿಂದ ಹಿಡಿದುಕೊಂಡು ವಿಡಿಯೋ ಮಾಡುತ್ತಿದ್ದ. ಮೇಕಪ್ಪಿನೊಳಗೆ ಮಗನಿದ್ದಾನೆ ಎಂದು.

ನನ್ನೊಳಗೆ ಏನೋ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯಿತು. ಮಾಮಾನ ಕೈಯ ಹಗ್ಗ ಕಂಡಿತು, ಟೀಚರ್ ಅವರಿಗೆ ಹೇಳಿದ್ದ ಮಾತು ಕೇಳಿಸಿತು. ಬಂದ. ಬಂದ್. ಅಯ್ಯೋ ದೇವರೇ.

ಇನ್ನು ಆ ಮಾತು ಆಡುವ ಹಾಗಿಲ್ಲ. ಆದರೆ ಯಾರಾದರೂ ಏನಾದರೂ ಹೇಳಲೇಬೇಕಿತ್ತು. ನಾನು ಈಟಿಯಿಂದ ಮೇಜನ್ನು ಮೂರು ಸಲ ಕುಟ್ಟಿದೆ, ಇದ್ದ ಬದ್ದ ದನಿಯಲ್ಲಿ ಕೂಗಿದೆ: "ಎಲೈ ದ್ವಾರಪಾಲಕ ಮಾಮಾ! ದ್ವಾರ ಖೋಲೋ! ರಾಜಕುಮಾರರು ಬಂದರು!"

ಹಾಲ್ ಒಡೆದುಹೋಗುವಂತೆ ನಗು. ಹಿಂದಿನ ಸಾಲಿನಿಂದ ಇಡೀ ಎಂಟನೇ ಕ್ಲಾಸು "ಬಂದರ್! ಬಂದರ್!" ಎಂದು ಕೂಗಿತು. ರಾಜಕುಮಾರ ತಾಯಿಯನ್ನು ಮರೆತು ನನ್ನ ಕಡೆ ಮುಷ್ಟಿ ತೋರಿಸಿದ. ಮಾಮಾ ಹಗ್ಗ ಬಿಟ್ಟರು, ಪರದೆ ತೆರೆಯಿತು, ರಾಣಿ ನುಗ್ಗಿ ಬಂದು ಮಗನನ್ನು ಅವನು ಬುರುಜು ಹತ್ತುವ ಮೊದಲೇ ತಬ್ಬಿ ಹಿಡಿದಳು.

ಅಪ್ಪನ ಫೋನ್ ಇನ್ನೂ ಮೇಲೇ ಇತ್ತು. ಅದು ನಿಧಾನವಾಗಿ ತಿರುಗಿತು. ರಾಜಕುಮಾರನಿಂದ ಥರ್ಮಾಕೋಲಿಗೆ, ಥರ್ಮಾಕೋಲಿನಿಂದ ನನ್ನ ಕಾಲಿಗೆ, ಗಡ್ಡಕ್ಕೆ, ಮುಖಕ್ಕೆ. ಅಲ್ಲಿ ನಿಂತಿತು. ಫೋನಿನ ಹಿಂದೆ ಅವನ ಮುಖ ನನಗೆ ಕಾಣಲಿಲ್ಲ.

ಮುಲುಂಡಿಗೆ ಹೋಗುವ ಸ್ಲೋ ಲೋಕಲ್‌ನಲ್ಲಿ ಅಮ್ಮ ಲೇಡೀಸ್ ಡಬ್ಬಿ ಹತ್ತಿದಳು, ಬೇಕಂತಲೇ. ಅಪ್ಪ ಮತ್ತು ನಾನು ಬಾಗಿಲಿನ ಹತ್ತಿರ ನಿಂತೆವು. ಆಕಾಶದಲ್ಲಿ ಇನ್ನೂ ಸ್ವಲ್ಪ ನೇರಳೆ ಬಣ್ಣ ಉಳಿದಿತ್ತು. ಬಿಲ್ಡಿಂಗ್‌ಗಳ ದೀಪಗಳು ಒಂದೊಂದೇ ಹಿಂದೆ ಸರಿಯುತ್ತಿದ್ದವು.

"ಗಡ್ಡ ಇನ್ನೂ ಸ್ವಲ್ಪ ಉಂಟು," ಎಂದು ವಿಕ್ರೋಲಿ ದಾಟಿದ ಮೇಲೆ ಅಪ್ಪ ನನ್ನ ಗಲ್ಲದಿಂದ ಹತ್ತಿಯ ಎಳೆಯೊಂದನ್ನು ಬಿಡಿಸಿದ. ನೋವಾಯಿತು. "ನೀನು ಹೀರೋ ಅಂದಿದ್ದಿ."

"ನಾನು ಅನ್ಲಿಲ್ಲ ಅಪ್ಪ. ನೀನೇ ಅಂದದ್ದು. ನಾನು ಬರೀ ನಕ್ಕೆ."

"ಹೌದಾ. ನಕ್ಕದ್ದು ದೊಡ್ಡದಿತ್ತು."

ಕಾಂಜೂರ್‌ಮಾರ್ಗ್. ಜನ ಇಳಿದರು, ಇಳಿದವರಿಗಿಂತ ಹೆಚ್ಚು ಜನ ಹತ್ತಿದರು. ಅಪ್ಪನ ಇಸ್ತ್ರಿ ಶರ್ಟು ನನ್ನ ಮೂಗಿಗೆ ಒತ್ತಿತು. ಅದರಲ್ಲಿ ಸಾಬೂನಿನ ಕೆಳಗೆ ಹೋಟೆಲಿನ ವಾಸನೆ.

"ಭಟ್ರು ನಾಳೆ ಬೆಳಗ್ಗೆ ಮೊದಲು ಕೇಳುದೇ ಅದು. ರಾಜಕುಮಾರ ಹೇಗೆ ಮಾಡಿದ ಅಂತ. ನಾನು ಎಂತ ಹೇಳುದು ಅವರಿಗೆ?"

"ಸಾರಿ ಅಪ್ಪ," ಎಂದೆ ಅವನ ಗುಂಡಿಗಳಿಗೆ.

ಅವನು ಮೇಲಿನ ಹಿಡಿಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡ. "ಅಲ್ಲ, ಮೊದಲನೇ ಸಲ ಎಂತಕ್ಕೆ ಕೂಗಿದ್ದು ನೀನು? ಆಗ ಆ ಹುಡುಗ ಎಲ್ಲಿಯೂ ಇರ್ಲಿಲ್ಲ. ನಾನು ಆಗಷ್ಟೇ ಬಾಗಿಲು ತೆಗೆದು ಒಳಗೆ ಕಾಲಿಟ್ಟದ್ದು."

"ದೂರದಲ್ಲಿ ಯಾರೋ ಬಂದ ಹಾಗೆ ಕಾಣ್ತು."

"ಯಾರು?"

ನಾನು ಹೊರಗೆ ನೋಡಿದೆ. ಪಕ್ಕದ ಹಳಿಯಲ್ಲಿ ಫಾಸ್ಟ್ ಲೋಕಲ್ ಒಂದು ನಮ್ಮ ಜೊತೆಗೇ ಬಂದು, ಸ್ವಲ್ಪ ಹೊತ್ತು ಎರಡೂ ನಿಂತಲ್ಲೇ ನಿಂತ ಹಾಗೆ ಅನ್ನಿಸಿ, ಆಮೇಲೆ ಮುಂದೆ ಹೋಯಿತು. ಅಪ್ಪ ನನ್ನ ಮುಖವನ್ನು ಬಹಳ ಹೊತ್ತು ನೋಡಿದ. ಜೇಬಿನಿಂದ ಫೋನ್ ತೆಗೆದ.

ವಿಡಿಯೋದಲ್ಲಿ ಮೊದಲ ಅರ್ಧ ನಿಮಿಷ ರಾಜಕುಮಾರ. ಆಮೇಲೆ ನಾನು. ಆಮೇಲೂ ನಾನು. ತಾಯಿ ಮಗ ತಬ್ಬಿಕೊಂಡದ್ದು, ಹಾಡು, ಮರಗಳ ಕುಣಿತ ಎಲ್ಲ ಬರೀ ಸದ್ದಾಗಿ ಪಕ್ಕದಲ್ಲೆಲ್ಲೋ ನಡೆಯುತ್ತಿತ್ತು. ಚಿತ್ರದಲ್ಲಿ ಗಡ್ಡದ ಕಾವಲುಗಾರ ಒಬ್ಬನೇ, ಈಟಿ ಹಿಡಿದು, ಒಂಬತ್ತು ನಿಮಿಷ, ರೆಪ್ಪೆ ಬಿಟ್ಟು ಏನೂ ಅಲ್ಲಾಡದೆ. ಅಪ್ಪ ಅದನ್ನು ಭಾಂಡುಪ್ ದಾಟುವವರೆಗೂ ನೋಡಿದ. ಪಕ್ಕದಲ್ಲಿ ನಿಂತಿದ್ದ ಒಬ್ಬರೂ ಕತ್ತು ಚಾಚಿ ನೋಡಿದರು.

"ಇದನ್ನೇ ತೋರಿಸುದು ಭಟ್ರಿಗೆ," ಎಂದ. "ರಾಜಕುಮಾರ ಅಲ್ಲ, ಅದಕ್ಕಿಂತ ದೊಡ್ಡ ಪಾರ್ಟು ಕೊಟ್ರು ಅಂತ ಹೇಳುವ. ಇವ ಒಂದು ಮಾತು ಹೇಳಿದ್ರೆ ಸಾಕು, ಪರದೆ ಬೀಳ್ತಿತ್ತು ಅಂತ. ಮೂರು ಸಲ ಬಿತ್ತು ಅಂತ."

"ಎರಡು ಸಲ ಅಪ್ಪ."

"ಮೂರು ಇರ್ಲಿ ಮಾರಾಯ. ಮತ್ತೆ, ರಾಣಿ ಪಾರ್ಟಿನ ಹುಡುಗಿ ಹೆದರಿ ಮೂರ್ಛೆ ಹೋದ್ಲು..."

"ಅಪ್ಪಾ, ಯಾರೂ ಮೂರ್ಛೆ ಹೋಗ್ಲಿಲ್ಲ."

"...ಆಗ ಇವ ಬುರುಜಿನಿಂದ ಹಾರಿ..."

"ಸ್ವಲ್ಪ ಕಡಿಮೆ ಮಾಡು," ಎಂದೆ ನಾನು.